ಮೋರಿಯ ಮೇಲೆ ಕೂತ ಮಟ್ಟದಕ್ಕ

ಬಹಳ ಹಿಂದಿನ ಮಾತೇನಲ್ಲ, ಹಾಗಂತ ನಿನ್ನೆ ಮೊನ್ನೆಯದೂ ಅಲ್ಲ. ಏಳು ಕಡಲು ದಾಟುವ ಕಷ್ಟ ಬೇಡ, ಏಳು ಬೀದಿ ದಾಟಿದರೆ ಸಾಕು, ಅಲ್ಲೊಂದು ಮನೆ, ಮನೆಯಲ್ಲಿ ಇಬ್ಬರು ಅಕ್ಕತಂಗಿಯರು. ಕಥೆಗಳಲ್ಲಿ ಬರುವ ಹಾಗೆ ಒಬ್ಬಳು ಚೆಲುವೆ, ಇನ್ನೊಬ್ಬಳು ಕುರೂಪಿ ಅಂತಲ್ಲ. ಒಬ್ಬಳು ಒಳ್ಳೆಯವಳು, ಇನ್ನೊಬ್ಬಳು ಹೊಟ್ಟೆಕಿಚ್ಚಿನವಳು ಅಂತಲೂ ಅಲ್ಲ. ದೊಡ್ಡವಳು ನೆಲಕ್ಕೆ ಟೈಲ್ಸ್ ಹಾಕುತ್ತಿದ್ದಳು, ಚಿಕ್ಕವಳು ಮೀನು ಮಾರುತ್ತಿದ್ದಳು. ಹಟ ಮಾತ್ರ ಇಬ್ಬರಿಗೂ ಒಂದೇ ಅಳತೆಯಲ್ಲಿ ಹೊಲಿಸಿದ ಅಂಗಿಯಂತೆ ಸರಿಯಾಗಿ ಕೂತಿತ್ತು.

ದೊಡ್ಡವಳನ್ನು ಊರೆಲ್ಲ ಮಟ್ಟದಕ್ಕ ಎಂದೇ ಕರೆಯುತ್ತಿತ್ತು. ಯಾರ ಮನೆಗೆ ಹೋದರೂ ಕುರ್ಚಿ ಎಳೆದು ಕೂರಿಸುವ ಮೊದಲೇ, "ಆ ಮೂಲೆ ಒಂದು ಬೆರಳು ಇಳಿದಿದೆ ನೋಡಿ" ಎಂದುಬಿಡುವ ಹೆಂಗಸು. ಮೂವತ್ತಾರು ವರ್ಷ ಅವಳು ಲೋಕವನ್ನು ಮಂಡಿಯ ಎತ್ತರದಿಂದಲೇ ನೋಡಿದ್ದಳು. ಮದುವೆ ಆಗಲಿಲ್ಲವೇಕೆ ಎಂದು ಕೇಳಿದವರಿಗೆ, "ನಾನು ಮಂಡಿಯೂರಿದ್ದು ನೆಲದ ಮುಂದೆ ಮಾತ್ರ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ತಂಗಿ ಇಪ್ಪತ್ತು ವರ್ಷದಿಂದ ಮಾರುಕಟ್ಟೆಯಲ್ಲಿ ಬೇರೆಯವರ ಮೀನಂಗಡಿಯಲ್ಲಿ ನಿಂತವಳು. ಆ ಅಂಗಡಿಯ ನೆಲದ ಇಳಿಜಾರು ತಪ್ಪಾಗಿತ್ತು. ಮೋರಿಗೆ ಹೋಗಬೇಕಾದ ನೀರು ಅವಳ ಕಾಲ ಬುಡಕ್ಕೇ ಬಂದು ನಿಲ್ಲುತ್ತಿತ್ತು. ಸಂಜೆ ಬೂಟು ಬಿಚ್ಚಿದರೆ ಪಾದ ಬೆಳ್ಳಗೆ, ಸುಕ್ಕುಸುಕ್ಕಾಗಿ, ಅವಳದಲ್ಲದ ಯಾವುದೋ ಮುದುಕಿಯದೆಂಬಂತೆ ಕಾಣುತ್ತಿತ್ತು. ಹಾಗೆ ಒಂದು ಸಂಜೆ ಅಕ್ಕ ಆ ಪಾದಗಳನ್ನು ಟವೆಲಿನಲ್ಲಿ ಒರೆಸುತ್ತಾ ಮಾತು ಕೊಟ್ಟಿದ್ದಳು.

"ನಿನಗೆ ಸ್ವಂತ ಅಂಗಡಿ ಆಗ್ಲಿ. ಮೊದಲನೇ ಟೈಲಿಂದ ಕೊನೇ ಟೈಲಿನ ತನಕ ನೆಲ ನಾನು ಹಾಕ್ತೀನಿ. ಬೇರೆ ಯಾರ ಕೈಯೂ ತಾಗಬಾರದು."

ತಂಗಿ ಮಾರುಕಟ್ಟೆಯವರ ಪಟ್ಟಿಯಲ್ಲಿ ಹೆಸರು ಬರೆಸಿ ಹನ್ನೊಂದು ವರ್ಷ ಕಾದಳು. ಆ ಹನ್ನೊಂದು ವರ್ಷದಲ್ಲಿ ಅಕ್ಕನ ಎಡ ಮಂಡಿ ಸವೆದು ಸವೆದು, ಕೊನೆಗೆ ಮೂಳೆಗೆ ಮೂಳೆ ಉಜ್ಜುವ ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳುವಂತಾಯಿತು. ಡಾಕ್ಟರು ಅದನ್ನು ತೆಗೆದು ಲೋಹದ್ದೊಂದು ಹೊಸ ಮಂಡಿ ಕೂರಿಸಿದರು. ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ, ನೋಡಿ, ಮಾರುಕಟ್ಟೆಯಿಂದ ಕಾಗದವೂ ಬಂತು. ಮೂಲೆಯ ಮಳಿಗೆ ನಿಮ್ಮದು, ಹನ್ನೆರಡು ವಾರದೊಳಗೆ ನೆಲ ಹಾಕಿಸಿ ಬಾಗಿಲು ತೆರೆಯಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ.

ತಂಗಿ ಕಾಗದ ಓದಿ ಅಕ್ಕನ ಕಾಲು ನೋಡಿದಳು. ದಿಂಬಿನ ಮೇಲಿದ್ದ ಮಂಡಿ ಊದಿಕೊಂಡು ಕುಂಬಳಕಾಯಿಯಾಗಿತ್ತು.

"ಹಾಗೆ ನೋಡಬೇಡ. ಹನ್ನೆರಡು ವಾರ ಇದೆ" ಎಂದಳು ಅಕ್ಕ.

"ದೊಡ್ಡ ಡಾಕ್ಟರು ಏನಂದ್ರು? ಇನ್ನು ನೆಲದ ಕೆಲಸ ಬಿಟ್ಬಿಡಿ ಅನ್ಲಿಲ್ವಾ?"

"ಬಿಡೋಕೆ ನಾನೇನು ಸಿಗರೇಟು ಸೇದ್ತಿದ್ನಾ?"

ಆಸ್ಪತ್ರೆಯವರು ಮನೆಗೆ ಒಂದು ಯಂತ್ರವನ್ನೂ ಕಳಿಸಿದ್ದರು. ಬಕೆಟ್ಟಿನಷ್ಟು ದೊಡ್ಡದಾದ ನೀಲಿ ಡಬ್ಬಿ, ಅದರಿಂದ ಹೊರಟ ಎರಡು ಕೊಳವೆ, ಕೊಳವೆಯ ತುದಿಗೆ ತೊಡೆಯಿಂದ ಮೀನಖಂಡದವರೆಗೆ ಸುತ್ತುವ ದಪ್ಪ ಪಟ್ಟಿ. ಡಬ್ಬಿಗೆ ನೀರು, ಐಸು ಹಾಕಿ ಗುಂಡಿ ಒತ್ತಿದರೆ ತಣ್ಣೀರು ಪಟ್ಟಿಯೊಳಗೆಲ್ಲ ಸುಳಿದಾಡುತ್ತಿತ್ತು. ಜೊತೆಗೆ ಗಾಳಿ ತುಂಬಿ ಪಟ್ಟಿ ಮೆಲ್ಲನೆ ಬಿಗಿಯುತ್ತಿತ್ತು, ಸ್ವಲ್ಪ ಹೊತ್ತು ಹಿಡಿದು, ನಿಟ್ಟುಸಿರಿನಂಥ ಸದ್ದು ಮಾಡಿ ಬಿಡುತ್ತಿತ್ತು. ಬಿಗಿಯುವುದು, ಬಿಡುವುದು. ಕಾಡಿನ ನಡುವೆ ಮಲಗಿದ ಯಾವುದೋ ದೊಡ್ಡ ಪ್ರಾಣಿ ನಿದ್ದೆಯಲ್ಲಿ ಅವಳ ಕಾಲನ್ನು ತಬ್ಬಿಕೊಂಡು ಉಸಿರಾಡುತ್ತಿರುವ ಹಾಗೆ.

ಅದನ್ನು ಕಟ್ಟುವುದು ತೋರಿಸಿಕೊಟ್ಟವಳು ಫಿಸಿಯೋ. ವಾರಕ್ಕೆ ಮೂರು ಸಲ ಬಂದು ಕಾಲು ಮಡಿಸಿ ನೋವು ಕೊಡುವ, ಮಾತು ಕಡಿಮೆಯ ಹೆಂಗಸು. "ಇಪ್ಪತ್ತು ನಿಮಿಷ. ಚರ್ಮಕ್ಕೂ ಪಟ್ಟಿಗೂ ಮಧ್ಯೆ ತೆಳು ಬಟ್ಟೆ ಇರಲೇಬೇಕು. ಒತ್ತಡ ನಾನು ಇಟ್ಟಷ್ಟೇ ಇರಲಿ. ಊತ ಇಳಿದರೆ ಮಂಡಿ ಬಗ್ಗುತ್ತೆ, ಇಳಿಯದಿದ್ರೆ ಇಲ್ಲ" ಎಂದಳು. ಆಮೇಲೆ ಚೀಲದಿಂದ ಕೋನ ಅಳೆಯುವ ಎರಡು ಕೈಯ ಅಳತೆಪಟ್ಟಿ ತೆಗೆದು ಕಾಲಿನ ಪಕ್ಕ ಹಿಡಿದಳು. ಅಕ್ಕನಿಗೆ ನಗು ಬಂತು. ಮೂಲೆ ಅಳೆಯಲು ಅವಳೂ ಅಂಥದ್ದನ್ನೇ ಬಳಸುತ್ತಿದ್ದಳು.

"ಅರವತ್ತೈದು ಡಿಗ್ರಿ. ಮಂಡಿಯೂರೋಕೆ ನೂರಿಪ್ಪತ್ತಾದ್ರೂ ಬೇಕು" ಎಂದಳು ಫಿಸಿಯೋ.

"ಬರುತ್ತೆ ಬಿಡಿ. ಎಷ್ಟೋ ವಕ್ರ ಗೋಡೆಗಳನ್ನ ದಾರಿಗೆ ತಂದವಳು ನಾನು."

ಗಂಡಸೇ ಇಲ್ಲದ ಮನೆಯಲ್ಲಿ ದಿನಕ್ಕೆ ಐದು ಸಲ ಅಕ್ಕನನ್ನು ತಬ್ಬುವ ಆ ಯಂತ್ರಕ್ಕೆ ತಂಗಿ ಎರಡನೆಯ ದಿನವೇ ಭಾವ ಎಂದು ಹೆಸರಿಟ್ಟಳು. "ಭಾವನಿಗೆ ಐಸು ಹಾಕಿದ್ಯಾ? ಭಾವ ಇವತ್ತು ಜಾಸ್ತಿ ಗೊರಕೆ ಹೊಡೀತಿದಾರಲ್ಲ?" ಎಂದು ರೇಗಿಸುವಳು. ಅಕ್ಕ ದಿಂಬು ಎಸೆಯುವಳು.

ಹತ್ತು ದಿನ ಕಳೆಯಿತು. ಡಿಗ್ರಿ ಎಂಬತ್ತಕ್ಕೆ ಬಂದು ಅಲ್ಲೇ ಪಟ್ಟಾಗಿ ಕೂತಿತು. ಊತ ಜಗ್ಗಲಿಲ್ಲ.

ತಂಗಿ ಒಂದು ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆದು, ನೀರಿಗೆ ಕೈ ಇಳಿಸಿ, ಮೂಗು ಮುರಿದಳು. "ಇದೊಂದು ಚಳಿಯಾ? ಇಷ್ಟರಲ್ಲಿ ಮೀನಿಟ್ಟಿದ್ರೆ ಗಿರಾಕಿಗಳು ಮೂಗು ಮುಚ್ಕೊಂಡು ಓಡ್ತಿದ್ರು. ಇರು."

ಅಡುಗೆಮನೆಯಿಂದ ಎರಡು ಹಿಡಿ ಕಲ್ಲುಪ್ಪು ತಂದು ಐಸಿನ ಮೇಲೆ ಸುರಿದಳು. ಉಪ್ಪು ಬಿದ್ದರೆ ಐಸಿನ ನೀರು ಇನ್ನೂ ಚಳಿಗೆ ಇಳಿಯುತ್ತದೆ ಎಂಬುದು ಮೀನಿನವರೆಲ್ಲ ಬಲ್ಲ ಸಂಗತಿ. ಅಕ್ಕನಿಗೂ ಆ ಮಾತು ಹಿಡಿಸಿತು. ಅವಳ ಕಸುಬು ಅವಳಿಗೆ ಬೇರೊಂದು ಪಾಠ ಕಲಿಸಿತ್ತು. ಟೈಲನ್ನು ಒತ್ತಿದಷ್ಟೂ ಅದು ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಒತ್ತಡದ ಗುಂಡಿಯನ್ನು ಅವಳು ಕೊನೆಯವರೆಗೂ ತಿರುಗಿಸಿದಳು. ಮಧ್ಯದ ತೆಳು ಬಟ್ಟೆ ಚಳಿಯನ್ನು ತಡೆಯುತ್ತಿದೆ ಎನ್ನಿಸಿ ಅದನ್ನೂ ಎಳೆದು ಹಾಕಿದಳು. ಇಪ್ಪತ್ತರ ಬದಲು ನಲವತ್ತು ನಿಮಿಷ ಇಬ್ಬರೂ ಹಳೆಯ ಹಾಡು ಗುನುಗುತ್ತಾ ಕೂತರು. ಆಪರೇಷನ್ ಆದ ಮೇಲೆ ಗಾಯದ ಹೊರಮಗ್ಗುಲಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲವಾದ್ದರಿಂದ ಅಕ್ಕನಿಗೆ ಏನೂ ನೋಯಲಿಲ್ಲ. ಎಲ್ಲ ಸುಖವಾಗಿತ್ತು.

ಪಟ್ಟಿ ಬಿಚ್ಚಿದಾಗ ಮಂಡಿಯ ಪಕ್ಕ ಅಂಗೈಯಗಲ ಚರ್ಮ ಮೇಣದಂತೆ ಬೆಳ್ಳಗಾಗಿತ್ತು. ಮಾರನೆಯ ದಿನ ಬೊಬ್ಬೆ ಎದ್ದಿತು.

ಫಿಸಿಯೋ ಬಂದು ಬೊಬ್ಬೆಯನ್ನು ನೋಡಿದಳು. ಆಮೇಲೆ ಡಬ್ಬಿಯ ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ತಾಗಿಸಿದಳು.

"ಉಪ್ಪು ಯಾರು ಹಾಕಿದ್ದು?"

"ಮೀನಿಗೆ ಹಾಕ್ತೀವಿ..." ತಂಗಿಯ ದನಿ ಅರ್ಧದಲ್ಲೇ ಸತ್ತಿತು.

"ಮೀನು ಸತ್ತಿರುತ್ತೆ. ಈ ಕಾಲು ಬದುಕಿದೆ!" ಫಿಸಿಯೋ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ಬೊಬ್ಬೆ ಗಾಯದ ಹತ್ತಿರ ಇದೆ. ಅಲ್ಲಿ ನಂಜಾದ್ರೆ ಒಳಗಿನ ಮಂಡಿಯನ್ನೇ ತೆಗೀಬೇಕಾಗುತ್ತೆ, ಗೊತ್ತಾ? ಯಂತ್ರ ಬಂದ್. ಮಡಿಸೋದೂ ಬಂದ್. ನಾನು ಹೇಳೋ ತನಕ."

ಡಾಕ್ಟರು ಔಷಧಿ ಕೊಟ್ಟರು. ಒಂಬತ್ತು ದಿನ ಹೀಗೇ ಹೋಯಿತು. ಬೊಬ್ಬೆ ಒಣಗಿತು, ನಂಜಾಗಲಿಲ್ಲ. ಆದರೆ ಅಳತೆಪಟ್ಟಿ ಹಿಡಿದಾಗ ಎಪ್ಪತ್ತೆರಡಕ್ಕೆ ಇಳಿದಿತ್ತು. ಮನೆಯಲ್ಲಿ ಯಾರೂ ಭಾವನ ಹೆಸರೆತ್ತಲಿಲ್ಲ.

ತಂಗಿ ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನೇ ಬಿಟ್ಟಳು. ಕೆಲಸ ಮುಗಿಸಿ ತಡವಾಗಿ ಬರುವಳು, ಬೇಗ ಹೋಗುವಳು. ಆಪರೇಷನ್ ಆಗಿ ಐದನೆಯ ವಾರದ ಒಂದು ಸಂಜೆ ಅವಳು ಬಾಗಿಲ ಬಳಿ ಬಿಚ್ಚಿಟ್ಟ ಬೂಟು ಅಕ್ಕನ ಕಣ್ಣಿಗೆ ಬಿತ್ತು. ಬೂಟಿನ ಅಂಚಿಗೆ ಬೂದು ಬಣ್ಣದ ಧೂಳು. ಮೀನಂಗಡಿಯಲ್ಲಿ ಏನೇ ಮೆತ್ತಿದರೂ ಅದು ಮೆತ್ತುವುದಿಲ್ಲ. ಅದು ಹೊಸದಾಗಿ ಹಾಕಿದ ಸಿಮೆಂಟು ತಳಪಾಯದ ಧೂಳು. ಮೂವತ್ತಾರು ವರ್ಷ ಅದನ್ನೇ ಉಸಿರಾಡಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಯಾರು ಹಾಕಿದ್ದು?" ಎಂದಳು.

ತಂಗಿ ಸುಳ್ಳು ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿದಳು. "ಉದ್ದಣ್ಣ. ನಾಳೆಯಿಂದ ಟೈಲ್ಸ್ ಹಾಕ್ತಾನೆ."

ಉದ್ದಣ್ಣ ಅಕ್ಕನ ಕೈಯಲ್ಲೇ ಕೆಲಸ ಕಲಿತವನು. ಕಾಲು ಎಷ್ಟು ಉದ್ದವೆಂದರೆ ಮಂಡಿಯೂರಿದರೆ ಪಾದ ಪಕ್ಕದ ಕೋಣೆಯಲ್ಲಿರುತ್ತಿತ್ತು. ಈಗ ಅವನ ತಲೆಯೂ ನರೆತಿತ್ತು. ಊರಿನಲ್ಲಿ ಅಕ್ಕನ ನಂತರ ಅವನದೇ ಹೆಸರು.

"ಅವನು ಚೆನ್ನಾಗೇ ಹಾಕ್ತಾನೆ ಅಲ್ವಾ?" ತಂಗಿಯ ಮಾತು ಬೇಡುವ ಹಾಗಿತ್ತು.

"ಹಾಕ್ತಾನೆ. ನನಗಿಂತ ಬೇಗ ಹಾಕ್ತಾನೆ."

"ಮತ್ತೆ?"

"ಮತ್ತೆ ಏನೂ ಇಲ್ಲ. ಮಲಕ್ಕೋ."

ಮರುದಿನ ತಂಗಿ ಹಳೆಯ ಅಂಗಡಿಯ ಕೆಲಸಕ್ಕೆ ಹೋದ ಕೂಡಲೇ ಅಕ್ಕ ಬಾಡಿಗೆ ಕಾರು ಕರೆಸಿದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ತೆಳು ಬಟ್ಟೆ. ನೀಲಿ ಡಬ್ಬಿಯನ್ನು ಡ್ರೈವರ್ ಹೊತ್ತು ತಂದ. ಆ ಹೊತ್ತಿಗೆ ಫಿಸಿಯೋ ಯಂತ್ರಕ್ಕೆ ಮತ್ತೆ ಅಪ್ಪಣೆ ಕೊಟ್ಟು ಮೂರು ದಿನವಾಗಿತ್ತು.

ಮೂಲೆಯ ಮಳಿಗೆ ಚಿಕ್ಕದು, ಎಂಟಡಿ ಹತ್ತಡಿ. ಅಕ್ಕ ಹೊಸ್ತಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಸಿಮೆಂಟಿನ ತಳಪಾಯ ನೋಡಿದಳು. ಬಾಗಿಲಿಂದ ಹಿಂದಿನ ಮೂಲೆಯ ಮೋರಿಯ ತನಕ ಇಳಿಜಾರು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದರೆ ಬೈಯಬಹುದಿತ್ತು. ಅದು ಅವಳ ಸಿಟ್ಟನ್ನು ಇನ್ನಷ್ಟು ಏರಿಸಿತು.

ಇಳಿಜಾರಿನ ನೆಲಕ್ಕೆ ಟೈಲ್ಸ್ ಹಾಕುವವರು ಮೊದಲ ಟೈಲನ್ನು ಮೋರಿಯ ಬಾಯಿಗೆ ಕೂರಿಸುತ್ತಾರೆ. ಅಲ್ಲಿಂದ ಸಾಲು ಸಾಲಾಗಿ ಹಿಂದಕ್ಕೆ ಸರಿಯುತ್ತಾ ಬಾಗಿಲಿಗೆ ಬರುತ್ತಾರೆ. ಮೋರಿ ಸಿಗದೆ ಆ ಕೆಲಸ ಶುರುವಾಗುವುದೇ ಇಲ್ಲ. ಅಕ್ಕ ಒಂದು ಖಾಲಿ ಮೀನಿನ ಪೆಟ್ಟಿಗೆಯನ್ನು ಮೋರಿಯ ಮೇಲೆ ಬೋರಲು ಹಾಕಿಸಿದಳು, ಅದರ ಮೇಲೆ ಕೂತಳು, ಇನ್ನೊಂದು ಪೆಟ್ಟಿಗೆಯ ಮೇಲೆ ಕಾಲು ಚಾಚಿದಳು, ಗೋಡೆಯ ಪ್ಲಗ್ಗಿಗೆ ಡಬ್ಬಿಯ ತಂತಿ ಸಿಕ್ಕಿಸಿದಳು. ಎದುರಿನ ಅಂಗಡಿಯ ಹೆಂಗಸಿಗೆ ಕೂಗಿ ಹೇಳಿದಳು, "ಒಂದು ಬಕೆಟ್ ಐಸು ಕೊಡ್ತೀಯಾ? ಉಪ್ಪು ಸೋಕಿರಬಾರದು."

ಉದ್ದಣ್ಣ ಬಂದಾಗ ಭಾವ ಬಿಗಿಯುತ್ತಿದ್ದ.

"ಗುರುಗಳೇ, ಏನಿದು?"

"ಕಾಣಲ್ವಾ? ಕೂತಿದ್ದೀನಿ."

"ನಾನು ಅಲ್ಲಿಂದಾನೇ ಅಲ್ವಾ ಶುರು ಮಾಡಬೇಕು?"

"ಹೌದು. ಯಾರು ಹೇಳಿಕೊಟ್ಟಿದ್ದು?"

"ನೀವೇ."

"ಹಾಗಾದ್ರೆ ಗೊತ್ತಿದೆಯಲ್ಲ, ಇಲ್ಲಿಂದ ನಾನು ಎದ್ದರೇನೇ ಕೆಲಸ. ಎಬ್ಬಿಸು ನೋಡೋಣ."

ಉದ್ದಣ್ಣ ಗಾರೆ ಬಳಿಯುವ ಕರಣೆ ಹಿಡಿದುಕೊಂಡೇ ತಲೆ ಕೆರೆದುಕೊಂಡ. ಮಾರುಕಟ್ಟೆಯ ಅರ್ಧ ಜನ ಬಾಗಿಲಿಗೆ ಬಂದರು. ಯಾರೋ ತಂಗಿಗೆ ಸುದ್ದಿ ಮುಟ್ಟಿಸಿದರು. ಅವಳು ಕೈಯಲ್ಲಿ ಚೂರಿ ಹಿಡಿದು, ತೋಳಿನ ತುಂಬ ಮೀನಿನ ಹುರುಪೆ ಮೆತ್ತಿಕೊಂಡೇ ಓಡಿ ಬಂದಳು.

"ಅಕ್ಕಾ, ಏಳು! ಮಾನ ತೆಗೀಬೇಡ!"

"ಮೊದಲು ಚೂರಿ ಕೆಳಗಿಡು. ಜನ ಬೇರೆ ಏನೋ ಅಂದ್ಕೋತಾರೆ."

ಬಾಗಿಲಲ್ಲಿ ನಗು ಎದ್ದಿತು. ತಂಗಿ ನಗಲಿಲ್ಲ. "ಹನ್ನೊಂದು ವರ್ಷ ಕಾದಿದ್ದೀನಿ. ಇನ್ನು ಏಳು ವಾರದೊಳಗೆ ತೆರೆಯದಿದ್ರೆ ಈ ಅಂಗಡಿ ಕೈಬಿಟ್ಟು ಹೋಗುತ್ತೆ. ಅದೂ ಹೋಗ್ಲಿ. ನನ್ನ ಎರಡು ಹಿಡಿ ಉಪ್ಪಿಗೇ ನಿನ್ನ ಕಾಲು ಹೋಗ್ತಿತ್ತು. ಇನ್ನು ಈ ನೆಲಕ್ಕೋಸ್ಕರ ಹೋದ್ರೆ, ಇದರ ಮೇಲೆ ನಾನು ದಿನಾ ಹೇಗೆ ನಿಲ್ಲಲಿ? ಹೇಳು!"

ಪಟ್ಟಿ ಉಸಿರು ಬಿಟ್ಟಿತು, ಮತ್ತೆ ಬಿಗಿಯತೊಡಗಿತು.

"ಉಪ್ಪು ನಿನ್ನದು, ಬಟ್ಟೆ ಎಳೆದಿದ್ದು ನಾನು" ಎಂದಳು ಅಕ್ಕ. "ಹಸಿ ನೆಲದ ಮೇಲೆ ಕಾಲಿಟ್ಟವರನ್ನ ಎಷ್ಟು ಬೈದಿದ್ದೀನಿ ನಾನು! ಆರೋ ತನಕ ತಡ್ಕೊಳ್ಳಿ ಅಂತ. ನನ್ನ ಮಂಡಿ ಹಸಿಯಾಗಿದ್ದಾಗ ನಾನೇ ತಡ್ಕೊಳ್ಳಲಿಲ್ಲ. ಇನ್ಮೇಲೆ ಆ ಫಿಸಿಯೋ ಇಪ್ಪತ್ತು ಅಂದ್ರೆ ಇಪ್ಪತ್ತು, ಇಪ್ಪತ್ತೊಂದಿಲ್ಲ. ಆದರೆ ನೀನು ಮಂಡಿಯೂರಬೇಡ, ಮೂಲೇಲಿ ಕೂತು ನೋಡ್ತಿರು ಅಂತ ಯಾರಾದ್ರೂ ಹೇಳಿದ್ರೆ, ಅದನ್ನ ಮಾತ್ರ ನಾನು ಕೇಳಲ್ಲ. ಡಾಕ್ಟರ್ ಹೇಳಲಿ, ನೀನು ಹೇಳು."

"ಆಗದಿದ್ರೆ?" ತಂಗಿ ಕೇಳಿದಳು.

"ಉದ್ದಣ್ಣನಿಗೆ ಎಷ್ಟು ದಿನ ಬೇಕು?"

"ಎರಡು ದಿನ ಸಾಕು ಗುರುಗಳೇ."

"ಹಾಗಾದ್ರೆ ಗಡುವಿಗೆ ಹನ್ನೆರಡು ದಿನ ಇರೋವಾಗ ನಾನು ಇಲ್ಲಿಗೆ ಬರ್ತೀನಿ. ನಿಮ್ಮಿಬ್ಬರ ಕಣ್ಣೆದುರು ಮಂಡಿಯೂರ್ತೀನಿ. ಆಗದಿದ್ರೆ ನನ್ನ ಕರಣೇನ ನಾನೇ ಇವನ ಕೈಗೆ ಕೊಡ್ತೀನಿ, ಅಂಗಡಿಗೆ ಏನೂ ಆಗಲ್ಲ. ಒಪ್ಪಿಗೇನಾ?"

ತಂಗಿ ಮೂಗು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಹುರುಪೆ ಮೆತ್ತಿಕೊಂಡಳು. ಉದ್ದಣ್ಣ ಕರಣೆಯನ್ನು ಚೀಲಕ್ಕೆ ಹಾಕಿದ. "ಗಾರೆ ಕಲಸಿ ಕೊಡೋಕಾದ್ರೂ ನನ್ನ ಕರೀರಿ. ಟೈಲು ಮುಟ್ಟಲ್ಲ, ಆಣೆ."

"ಇಪ್ಪತ್ತು ನಿಮಿಷ ಆಯ್ತಾ ನೋಡು" ಎಂದಳು ಅಕ್ಕ. ಆಗಿತ್ತು. ಪಟ್ಟಿ ಬಿಚ್ಚಿ, ಆಮೇಲೆಯೇ ಎದ್ದಳು.

ಅಂದಿನಿಂದ ಮನೆಯಲ್ಲಿ ಗಡಿಯಾರದ ರಾಜ್ಯಭಾರ. ವ್ಯಾಯಾಮ, ತಣ್ಣನೆಯ ಪಟ್ಟಿ, ವಿಶ್ರಾಂತಿ, ಮತ್ತೆ ವ್ಯಾಯಾಮ. ಪ್ರತಿ ಸಲ ಪಟ್ಟಿ ಬಿಚ್ಚಿದಾಗ ತಂಗಿ ಚರ್ಮವನ್ನು ಮೀನಿನ ಕಿವಿರು ನೋಡುವಷ್ಟು ಗಮನದಿಂದ ನೋಡುವಳು. ಕೆಂಪಾಗಿದೆ, ಸರಿ. ಬಿಳಿ ಇಲ್ಲ, ಸರಿ. ಎಂಬತ್ತೆಂಟು. ತೊಂಬತ್ತೇಳು. ನೂರೈದು. ಊತ ಸಂಜೆಯ ನೆರಳು ಸರಿದ ಹಾಗೆ, ನೋಡುತ್ತಿದ್ದಾಗ ಕಾಣದೆ, ನೋಡದಿದ್ದಾಗ ಇಳಿಯುತ್ತಾ ಹೋಯಿತು. ಗಾಯದ ಕೆಳಗಿಂದ ಮಂಡಿಚಿಪ್ಪಿನ ಆಕಾರ ಮುಳುಗಿದ ದ್ವೀಪದಂತೆ ಮೇಲೆ ಬಂತು.

ಏಳನೆಯ ವಾರ ದೊಡ್ಡ ಡಾಕ್ಟರ ಎದುರು ಅಕ್ಕ ನೇರವಾಗಿ ಕೇಳಿದಳು. "ಮಂಡಿಯೂರಿದ್ರೆ ಒಳಗಿನದು ಮುರಿಯುತ್ತಾ?"

"ಮುರಿಯಲ್ಲಮ್ಮಾ. ಆದರೆ ವಿಪರೀತ ನೋಯುತ್ತೆ. ತುಂಬ ಜನ ಪ್ರಯತ್ನಾನೇ ಮಾಡಲ್ಲ."

"ನೋವಿನ ವಿಷಯ ನಾನು ಕೇಳ್ಲಿಲ್ಲವಲ್ಲ."

ಡಾಕ್ಟರು ಕನ್ನಡಕ ತೆಗೆದು ಫಿಸಿಯೋ ಕಡೆ ನೋಡಿದರು. ಫಿಸಿಯೋ ಮುಖ ತಿರುಗಿಸಿ ಕಿಟಕಿ ನೋಡಿದಳು, ಅವಳ ಭುಜ ನಗುವಿಗೆ ಅಲುಗುತ್ತಿತ್ತು. "ಹತ್ತು ವಾರ ತುಂಬಲಿ" ಎಂದರು ಡಾಕ್ಟರು. "ಗಾಯ ಪೂರ್ತಿ ಮಾಗಿರಬೇಕು. ದಪ್ಪ ಮೆತ್ತೆ ಇರಬೇಕು. ಒಂದು ಸಲಕ್ಕೆ ಇಪ್ಪತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ಪ್ರತಿ ಸಲ ಆದ್ಮೇಲೂ ತಣ್ಣನೆ ಪಟ್ಟಿ. ಊದಿದ್ರೆ ಅವತ್ತಿಗೆ ಮುಗೀತು."

"ಬರೆದು ಕೊಡಿ. ನನ್ನ ತಂಗಿ ಬಾಯಿಮಾತು ನಂಬಲ್ಲ."

ಹತ್ತನೆಯ ವಾರ ತುಂಬಿದ ದಿನ ಫಿಸಿಯೋ ಅವಳನ್ನು ಮೊದಲು ಹಾಸಿಗೆಯ ಮೇಲೆ ಮಂಡಿಯೂರಿಸಿದಳು. ಮೆತ್ತನೆಯ ಹಾಸಿಗೆಯೂ ಸಾವಿರ ಇರುವೆಗಳ ಗೂಡಾಯಿತು. ಗಾಯದ ಗೆರೆಯುದ್ದಕ್ಕೂ ಬೆಂಕಿಯ ದಾರ ಎಳೆದ ಹಾಗೆ. ಅಕ್ಕ ಹಲ್ಲು ಕಚ್ಚಿ ಎಣಿಸಿದಳು. ಹನ್ನೊಂದಕ್ಕೆ ಕವುಚಿ ಬಿದ್ದಳು. ಮಾರನೆಯ ದಿನ ನಲವತ್ತು ಎಣಿಸಿದಳು. ಮೂರನೆಯ ದಿನ ಎಣಿಸುವುದನ್ನು ಮರೆತು ಹಾಸಿಗೆಯ ಹೊದಿಕೆಯ ಚೌಕುಳಿಗಳನ್ನು ಬೆರಳಿನಿಂದ ಒತ್ತಿ ಒತ್ತಿ ಸರಿ ಮಾಡುತ್ತಿದ್ದಳು. ಫಿಸಿಯೋ ಅಳತೆಪಟ್ಟಿ ಹಿಡಿದಳು. ನೂರಿಪ್ಪತ್ತೆರಡು.

ಹೇಳಿದ ದಿನ, ಹೇಳಿದ ಹೊತ್ತಿಗೆ ಅಕ್ಕ ಮಳಿಗೆಗೆ ಬಂದಳು. ಮೋರಿಯ ಮುಂದೆ ಕೈಯಗಲ ದಪ್ಪದ ಮೆತ್ತೆ ಹಾಸಿದಳು. ಮೊದಲು ಬಲಗಾಲು, ಆಮೇಲೆ ಕೈ, ಆಮೇಲೆ ಎಡಗಾಲು. ಮುಖ ಒಂದು ಸಲ ಸುಣ್ಣದ ಹಾಗೆ ಬಿಳಿಚಿತು. ತಂಗಿ ಹೆಜ್ಜೆ ಮುಂದಿಟ್ಟಳು, ಉದ್ದಣ್ಣ ಅವಳ ತೋಳು ಹಿಡಿದ.

"ಗಾರೆ" ಎಂದಳು ಅಕ್ಕ, ಕೈ ಹಿಂದಕ್ಕೆ ಚಾಚಿ.

ಉದ್ದಣ್ಣ ಬಾಂಡಲಿ ಸರಿಸಿದ. ಮೊದಲ ಟೈಲು ಮೋರಿಯ ಬಾಯಿಗೆ ಕೂತಿತು.

ಅಡಿಗೊಂದು ಅಡಿಯ ಎಂಬತ್ತು ಟೈಲುಗಳು. ಹಿಂದಾದರೆ ಅವಳಿಗೆ ಎರಡು ದಿನದ ಮಾತು. ಈಗ ಇಪ್ಪತ್ತು ನಿಮಿಷಕ್ಕೆ ಎರಡು, ಹೆಚ್ಚೆಂದರೆ ಮೂರು. ಆಮೇಲೆ ಪೆಟ್ಟಿಗೆಯ ಮೇಲೆ ಕೂತು, ತೆಳು ಬಟ್ಟೆ ಸುತ್ತಿ, ಪಟ್ಟಿ ಕಟ್ಟಿ ಇಪ್ಪತ್ತು ನಿಮಿಷ. ಮಾರುಕಟ್ಟೆಯ ಹೆಂಗಸರು ಸರದಿ ಹಾಕಿಕೊಂಡು ಐಸು ತಂದರು. ಮೀನು ಕೊಳ್ಳಲು ಬಂದವರು ಇಣುಕಿ, "ಇನ್ನೂ ಎಷ್ಟು ದಿನ?" ಎಂದು ಕೇಳುವರು. "ಮೀನಿಗೆ ಅವಸರ ಇರಬಹುದು, ನೆಲಕ್ಕಿಲ್ಲ" ಎನ್ನುವಳು ಅಕ್ಕ. ಐದನೆಯ ದಿನ ಮಂಡಿ ಊದಿತು. ಅವಳು ಅರ್ಧ ಎತ್ತಿದ ಟೈಲನ್ನು ಕೆಳಗಿಟ್ಟು, ಹಟ ಹಿಡಿಯದೆ ಮನೆಗೆ ಹೋದಳು. ಅವಳು ಹಾಗೆ ಹೋದದ್ದು ನೋಡಿ ತಂಗಿಗೆ ಮೊದಲ ಬಾರಿ ಧೈರ್ಯ ಬಂತು. ಮರುದಿನ ಊತ ಇಳಿದಿತ್ತು, ಅಕ್ಕ ಅದೇ ಟೈಲನ್ನು ಎತ್ತಿದಳು.

ಸಾಲು ಸಾಲಾಗಿ ಅವಳು ಹಿಂದಕ್ಕೆ ಸರಿಯುತ್ತಾ ಬಂದಳು. ಗಡುವಿನ ಹಿಂದಿನ ದಿನ ಮಧ್ಯಾಹ್ನ ಅವಳು ಅಂಗಡಿಯಿಂದ ಪೂರ್ತಿ ಹೊರಬಿದ್ದಿದ್ದಳು. ಮೆತ್ತೆ ಈಗ ಹೊಸ್ತಿಲಾಚೆ, ಜನ ಓಡಾಡುವ ದಾರಿಯಲ್ಲಿ. ಒಳಗೆ ಎಪ್ಪತ್ತೊಂಬತ್ತು ಟೈಲುಗಳು ಒಂದೇ ಹಾಳೆಯಂತೆ ಮೋರಿಯ ಕಡೆ ಬಾಗಿದ್ದವು. ಬಾಗಿಲ ಬುಡದಲ್ಲಿ ಒಂದೇ ಒಂದು ಚೌಕ ಖಾಲಿ. ದಾರಿಹೋಕರು ಅವಳ ಪಾದಗಳನ್ನು ಬಳಸಿ ನಡೆಯುತ್ತಿದ್ದರು. ತಂಗಿ ಕೈಯಲ್ಲಿ ಗಡಿಯಾರ ಹಿಡಿದು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಳು.

ಅಕ್ಕ ಗಾರೆ ಹರಡಿದಳು, ಕರಣೆಯ ಹಲ್ಲಿನಂಥ ಅಂಚಿನಿಂದ ಗೀರಿದಳು. ಟೈಲನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿ, ತುಸು ಆಚೀಚೆ ಅಲುಗಿಸಿ ಒತ್ತಿದಳು. ಕರಣೆಯ ಹಿಡಿಯಿಂದ ನಾಲ್ಕೂ ಮೂಲೆ ತಟ್ಟಿದಳು. ಎಲ್ಲೂ ಪೊಳ್ಳು ಸದ್ದಿಲ್ಲ. ಕೆನ್ನೆಯನ್ನು ಹೆಚ್ಚುಕಡಿಮೆ ನೆಲಕ್ಕೇ ತಾಗಿಸಿ, ಒಂದು ಕಣ್ಣು ಮುಚ್ಚಿ, ಬಾಗಿಲಿಂದ ಮೋರಿಯ ತನಕ ನೋಡಿದಳು.

"ಆಯ್ತಾ ಅಕ್ಕಾ?"

"ಆಯ್ತು."

"ಹಾಗಾದ್ರೆ ಏಳು, ನಾನು ಹಿಡ್ಕೋತೀನಿ."

"ಗಡಿಯಾರ ನೋಡು. ಎಷ್ಟಾಗಿದೆ?"

"ಹದಿನಾರು ನಿಮಿಷ."

"ಇನ್ನೂ ನಾಲ್ಕು ನನ್ನದು" ಎಂದಳು ಮಟ್ಟದಕ್ಕ. ಕೈ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮಾರುಕಟ್ಟೆಯ ನಡುದಾರಿಯಲ್ಲಿ ಎಲ್ಲರೂ ನೋಡುವ ಹಾಗೆ ಮಂಡಿಯೂರಿಯೇ ಇದ್ದಳು.